ಕನ್ನಡಿ ಮೊಳೆಯ ಬೇವು

ಹೋದ ತಿಂಗಳು ಪರೀಕ್ಷೆಯ ಡ್ಯೂಟಿಗೆಂದು ಕಮಲಾಪುರಕ್ಕೆ ಹೋಗಿದ್ದೆ. ಬಸ್ಸಿನಿಂದ ಇಳಿಯುತ್ತಲೇ ಬೆಳ್ಳುಳ್ಳಿ ಜಜ್ಜಿದಂಥ ವಾಸನೆ ಬಂತು. ನನ್ನ ಹಿಂದೆ ಇಳಿದ ಹೆಂಗಸು, "ಯಾರೋ ಚಟ್ನಿ ಕುಟ್ಟಾಕತ್ತಾರ ನೋಡ್ರಿ" ಎಂದಳು. ಚಟ್ನಿ ಅಲ್ಲ. ರಸ್ತೆಯ ಆಚೆ ಕರೆಂಟಿನ ತಂತಿಗೆ ತಾಗುತ್ತದೆಂದು ಲೈನ್‌ಮನ್‌ಗಳು ಬೇವಿನ ದೊಡ್ಡ ಟೊಂಗೆಯೊಂದನ್ನು ಕೊಯ್ದು ಕೆಡವಿದ್ದರು. ಹಸಿ ಬೇವಿನ ಕಟ್ಟಿಗೆ ಕೊಯ್ದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆಂಬುದು ಅದರ ಎಲೆ, ಕಡ್ಡಿ ಮಾತ್ರ ಕಂಡವರಿಗೆ ಗೊತ್ತಿರುವುದಿಲ್ಲ. ನನಗೂ ನಲವತ್ತೇಳು ತುಂಬುವವರೆಗೆ ಗೊತ್ತಿರಲಿಲ್ಲ. ಅದು ಗೊತ್ತಾದ ವರ್ಷ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ ವರ್ಷ.

ನಾನು ಐಟಿಐಯಲ್ಲಿ ಟರ್ನರ್ ವಿಭಾಗದ ಶಿಕ್ಷಕಿ. ಲೇತ್ ಯಂತ್ರದಲ್ಲಿ ಕಬ್ಬಿಣದ ಸರಳನ್ನು ತಿರುಗಿಸಿ, ಕೂದಲೆಳೆಯಷ್ಟೂ ತಪ್ಪದಂತೆ ಅಳತೆಗೆ ಕಡೆಯುವುದನ್ನು ಕಲಿಸುವ ಕೆಲಸ. ಹೆಣ್ಣುಮಗಳು ಲೇತ್ ಮುಂದೆ ನಿಂತಿದ್ದಾಳೆಂದು ಮೊದಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದವರು, ನಾನೂ ಎಲ್ಲರಂತೆ ಕೈಗೆ ಎಣ್ಣೆ ಮೆತ್ತಿಕೊಂಡು ಹುಡುಗರನ್ನು ಬೈಯುವುದನ್ನು ಕಂಡು ಬೇಸತ್ತು ಬಿಟ್ಟುಬಿಟ್ಟರು. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಆಗ ನನಗೆ ಪೋಸ್ಟಿಂಗ್ ಇದ್ದದ್ದು ಕಮಲಾಪುರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವುದು.

ಆ ವರ್ಷದ ಶ್ರಾವಣದಲ್ಲಿ ನಮ್ಮ ಮನೆಯವರು ತೀರಿಕೊಂಡರು. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅಂಗಳದ ಬೇವಿನ ಮರದ ಬೊಡ್ಡೆಗೆ ಮೊಳೆ ಹೊಡೆದು ಅಂಗೈಯಗಲದ ಕನ್ನಡಿಯೊಂದನ್ನು ತೂಗುಹಾಕಿದ್ದರು. ಮದುವೆಯಾದ ವರ್ಷದಿಂದಲೂ ಅದರ ಮುಂದೆಯೇ ನಿಂತು ಗಡ್ಡ ಮಾಡಿಕೊಳ್ಳುವುದು. ಬಚ್ಚಲಿನಲ್ಲಿ ಬೆಳಕು ಸಾಲದು ಎಂಬುದು ಅವರ ವಾದ. ಬಲ್ಬು ಬದಲಿಸಿದರೂ ವಾದ ಬದಲಾಗಲಿಲ್ಲ. ಮರ ದಪ್ಪವಾದಂತೆ ಮೊಳೆಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು; ಪೂರ್ತಿ ನುಂಗಿದಾಗ ಅವರು ಅದರ ಪಕ್ಕ ಇನ್ನೊಂದು ಹೊಡೆಯುತ್ತಿದ್ದರು. ಆ ದಿನವೂ ಅಲ್ಲೇ ಗಡ್ಡ ಮಾಡಿಕೊಂಡು ಒಳಗೆ ಬಂದು, "ಯಾಕೋ ಎದಿ ಹಿಡದಂಗ ಆಗೇದ" ಎಂದು ಕುಳಿತರು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅಳಲಿಲ್ಲ. ಬಂದವರು ನನ್ನನ್ನು ತಬ್ಬಿಕೊಂಡು ಅತ್ತರು, ನಾನು ಅವರ ಬೆನ್ನು ತಟ್ಟಿದೆ. "ಅಳಸ್ರಿ ಆಕಿನ್ನ, ಇಲ್ಲಂದ್ರ ಎದ್ಯಾಗ ಕುಂದರ್ತದ" ಎಂದು ಯಾರೋ ಹೇಳಿದ್ದೂ ಕೇಳಿಸಿತು. ಆದರೆ ಎದೆಯಲ್ಲಿ ಕುಳಿತದ್ದು ಏನೂ ಇರಲಿಲ್ಲ. ಕರೆಂಟು ಹೋದಾಗ ವರ್ಕ್‌ಶಾಪಿನ ಯಂತ್ರಗಳೆಲ್ಲ ಇದ್ದಲ್ಲೇ ಇರುತ್ತವೆ, ತಿರುಗುವುದಿಲ್ಲ ಅಷ್ಟೆ. ನನ್ನದೂ ಹಾಗೇ ಆಗಿತ್ತು. ಹದಿಮೂರು ದಿನ ಕಳೆದ ಮೇಲೆ ಡ್ಯೂಟಿಗೆ ಹೋದೆ. ಹಾಜರಿ ತೆಗೆದುಕೊಂಡೆ. ಊಟದ ಡಬ್ಬಿ ತೆರೆದಾಗ ಎರಡು ಡಬ್ಬಿ ಕಟ್ಟಿಕೊಂಡು ಬಂದಿದ್ದೇನೆಂದು ತಿಳಿಯಿತು. ಎರಡನ್ನೂ ಉಂಡೆ.

ಮನೆಯ ಜವಾಬ್ದಾರಿಯನ್ನು ಭಾವನವರು, ಎಂದರೆ ನಮ್ಮ ಮನೆಯವರ ಅಣ್ಣ, ಹೊತ್ತುಕೊಂಡರು. ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಅವರದು, ಮನೆ ನಮ್ಮ ಹಿಂದಿನ ಓಣಿಯಲ್ಲೇ. ಅವರ ಹೆಂಡತಿ ಶಾಂತಕ್ಕ ದಿನಕ್ಕೆರಡು ಸಲ ಬಂದು, ನಾನು ಉಂಡೆನೋ ಇಲ್ಲವೋ ಎಂದು ಬುಟ್ಟಿಯ ರೊಟ್ಟಿ ಎಣಿಸುತ್ತಿದ್ದರು. ಇಬ್ಬರೂ ಒಳ್ಳೆಯವರು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಒಬ್ಬಳೇ ಮಗಳು ಅಂಬಿಕಾಳ ನಿಶ್ಚಯ ಅವರಪ್ಪ ಇರುವಾಗಲೇ ಬೀದರದವರ ಜೊತೆ ಆಗಿತ್ತು. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಮದುವೆ ಮಾಡಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎನ್ನುವುದು ನಮ್ಮಲ್ಲಿಯ ರೂಢಿ. "ವೈಶಾಖದಾಗ ಮಾಡಿ ಬಿಡೂಣು ತಂಗಿ" ಎಂದರು ಭಾವನವರು. ಹೂಂ ಎಂದೆ. ಅಡುಗೆಯವರು ಯಾರು ಎಂದಾಗ ಹೂಂ, ಪತ್ರಿಕೆಯ ಬಣ್ಣಕ್ಕೆ ಹೂಂ. ಕೆಲವು ಪ್ರಶ್ನೆಗಳಿಗೆ ಹೂಂ ಉತ್ತರವೇ ಅಲ್ಲ, ಅವಕ್ಕೂ ಹೂಂ ಅಂದಿರಬೇಕು. ಶಾಂತಕ್ಕ ಎರಡೆರಡು ಸಲ ಕೇಳುತ್ತಿದ್ದರು.

ದೀಪಾವಳಿ ಕಳೆದ ಒಂದು ಬೆಳಿಗ್ಗೆ ಬಸ್ಸಿಗೆ ಹೊರಟಾಗ ಭಾವನವರು ಅಂಗಳದಲ್ಲಿ ನಿಂತು ಮರ ನೋಡುತ್ತಿದ್ದರು. "ಲಗ್ನದ ಹಂದರ ಹಾಕಾಕ ಈ ಗಿಡ ಅಡ್ಡ ಬರ್ತದ ನೋಡು. ಬೇರು ಕಂಪೌಂಡ್ ಗ್ವಾಡಿನೂ ಎಬ್ಬಿಸ್ಯಾವ. ತೆಗಸಿ ಬಿಡೂಣೇನು?"

"ಹೂಂ" ಎಂದೆ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಬಸ್ಸು ತಪ್ಪಿದರೆ ಮುಂದಿನದು ಮುಕ್ಕಾಲು ಗಂಟೆಗೆ.

ಆಮೇಲೊಂದು ಸಂಜೆ ಓಣಿ ತಿರುಗಿದಾಗ ನಮ್ಮ ಮನೆ ಯಾವುದೆಂದು ಒಂದು ಗಳಿಗೆ ತಿಳಿಯಲಿಲ್ಲ. ಮನೆಯ ಮುಂದೆಲ್ಲ ಬೆಳಕು. ಗೋಡೆಯ ಬಣ್ಣ ಇಷ್ಟು ಹಾಳಾಗಿದೆಯೆಂದು ಆಗಲೇ ಗೊತ್ತಾದದ್ದು. ಗಾಳಿಯಲ್ಲಿ ಬೆಳ್ಳುಳ್ಳಿ ವಾಸನೆ. ಮರ ಕಡಿಯುವವರು ತುಂಡುಗಳನ್ನು ಟಂಟಂ ಆಟೋಗೆ ಏರಿಸುತ್ತಿದ್ದರು. ಕನ್ನಡಿಯನ್ನು ಜೋಪಾನವಾಗಿ ತೆಗೆದು ಕಿಟಕಿಯ ಮೇಲಿಟ್ಟಿದ್ದರು. ಅಂಬಿಕಾ ಕಟ್ಟೆಯ ಮೇಲೆ ಕುಳಿತಿದ್ದಳು.

"ದೊಡ್ಡಪ್ಪ ಕೇಳಿದ್ರ ನೀ ಹೂಂ ಅಂದಿಯಂತಲ್ಲವ್ವ?"

"ಅಂದೆ."

"ಪಪ್ಪನ ಗಿಡ ಅದು. ನಿನ್ನ ಕಡ್ಯಾಕ ಬಂದ್ರೂ ಹೂಂ ಅಂತಿ ನೀ."

ಅಷ್ಟು ಹೇಳಿ ಒಳಗೆ ಹೋದಳು. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲಿಲ್ಲ. ಆ ದಿನದಿಂದ ಮಾತು ಕಡಿಮೆ ಮಾಡಿದಳು. ಉಣ್ಣು ಎಂದರೆ ಉಣ್ಣುವಳು, ಸೀರೆ ನೋಡು ಎಂದರೆ ನೋಡುವಳು. ಇನ್ನಾರು ತಿಂಗಳಿಗೆ ಮನೆ ಬಿಟ್ಟು ಹೋಗುವ ಮಗಳು ನನ್ನ ವಿಷಯದಲ್ಲಿ ಇದೊಂದೇ ಮಾತು ಕಟ್ಟಿಕೊಂಡು ಬೀದರಿಗೆ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಅಷ್ಟೆ, ಬೇಸರವೂ ಆಗಲಿಲ್ಲ.

ಆ ಸಂಜೆ ಟಂಟಂ ಹೊರಡುವ ಮೊದಲು ಕೆಳಗೆ ಉಳಿದಿದ್ದ ಒಂದು ತುಂಡಿನ ಮೇಲೆ ನನ್ನ ಬ್ಯಾಗು ಇಟ್ಟಿದ್ದೆ. "ಬ್ಯಾಗ್ ತಗೀರಿ ಬಾಯಾರ, ಇದೊಂದು ಏರಸ್ತೀವಿ" ಎಂದರು. "ಇದು ಇರ್ಲಿ" ಎಂದೆ. ಅವರು ಅದನ್ನು ಕಟ್ಟೆಯ ಪಕ್ಕಕ್ಕೆ ಉರುಳಿಸಿ ಹೋದರು.

ಸಂಕ್ರಾಂತಿಯ ಹೊತ್ತಿಗೆ ಶಾಂತಕ್ಕ ಸಾಮಾನಿನ ಪಟ್ಟಿ ಹಿಡಿದು ಕುಳಿತರು. ಮದುವೆ ಮುಗಿದು ಹೆಣ್ಣನ್ನು ಕಳಿಸುವಾಗ ಹಂದರದ ಕೆಳಗೆ ಉಡಿ ತುಂಬುತ್ತಾರೆ. ಮೊದಲು ಹಣೆಗೆ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆಗೆಂದು ಕುಬಸದ ಕಣ ಹಾಕಿ, ಆ ಕುಂಕುಮದ ಭರಣಿಯನ್ನೂ ಅವಳ ಕೈಗೆ ಕೊಡಬೇಕು. "ಭರಣಿ ಬೆಳ್ಳೀದು ನಾ ತರ್ತೀನಿ" ಎಂದರು.

"ಭರಣಿ ನಾ ಮಾಡ್ತೀನಕ್ಕ. ನಮ್ಮ ಬೇವಿಂದು" ಎಂದೆ.

ಶಾಂತಕ್ಕ ಪೆನ್ನು ಕೆಳಗಿಟ್ಟರು. ಬಾಗಿಲ ಹತ್ತಿರ ಸೀರೆ ಮಡಚುತ್ತಿದ್ದ ಅಂಬಿಕಾ ತಲೆಯೆತ್ತಿ ನೋಡಿದಳು.

"ಕಟ್ಟಿಗೀದು ಕೊಟ್ರ ಬೀದರದವರು ಏನಂತಾರ... ಆಗ್ಲಿ ಬಿಡು, ಮಾಡು. ನಿನ್ನ ಮನಸ್ಸು. ಆದ್ರ ಉಡಿ ನಾ ತುಂಬ್ತೀನಿ. ನೀ ಆ ಹೊತ್ತಿಗಿ ಒಳಗ ಇರು. ಮಂದಿ ಬಾಯಿ ಗೊತ್ತದಲ್ಲ ನಿನಗ."

ಗಂಡನಿಲ್ಲದವಳು ಉಡಿ ತುಂಬುವುದಿಲ್ಲ, ಕುಂಕುಮ ಹಚ್ಚುವುದಿಲ್ಲ. ನಮ್ಮ ಶರಣರು ಇಂಥದ್ದನ್ನೆಲ್ಲ ಒಪ್ಪಲಿಲ್ಲವೆಂದು ಭಾವನವರೇ ಪ್ರವಚನ ಕೇಳಿ ಬಂದು ಎಷ್ಟೋ ಸಲ ಹೇಳಿದ್ದಾರೆ. ಮನೆಯಲ್ಲಿ ಮಾತ್ರ ಅದು ಇದ್ದಲ್ಲೇ ಇದೆ. "ಹೂಂ" ಎಂದೆ. ಅಂಬಿಕಾ ಮತ್ತೆ ಸೀರೆ ಮಡಚತೊಡಗಿದಳು.

ಕಟ್ಟಿಗೆಯನ್ನು ಲೇತ್‌ಗೆ ಕಟ್ಟಿ ಕಡೆಯುವವರಿಗೆ ನಮ್ಮ ಕಡೆ ಖರಾದಿ ಎನ್ನುತ್ತಾರೆ. ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಕೆಂಪು ಬಾಳೆಹಣ್ಣು ಮಾರುವ ತಳ್ಳುಗಾಡಿಗಳ ಹಿಂದೆ ಮಹಿಬೂಬಸಾಬರ ತಗಡಿನ ಶೆಡ್ಡು ಇತ್ತು. ಲಟ್ಟಣಿಗೆ, ತೊಟ್ಟಿಲ ಕಾಲು, ಕಡಗೋಲು ಮಾಡುತ್ತಿದ್ದರು. ನಾನು ಉಳಿಸಿಕೊಂಡಿದ್ದ ತುಂಡಿನಿಂದ ಒಂದು ಗೇಣು ಕೊಯ್ಯಿಸಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ನೋಡಿ, "ಏನ್ ಮೇಡಂ, ಗುಂಡಕಲ್ಲ ತಂದೀರೇನು?" ಎಂದ.

ಮಹಿಬೂಬಸಾಬರು ತುಂಡನ್ನು ಮೂಸಿ ನೋಡಿದರು, ಉಗುರಿನಿಂದ ಒತ್ತಿದರು. "ಇನ್ನಾ ಹಸಿ ಅದ್ರಿ ಮೇಡಂ. ಒಂದು ವರ್ಷ ನೆಳ್ಳಾಗ ಒಣಗಸ್ರಿ, ಆಮ್ಯಾಲ ನೋಡೂಣು."

"ವೈಶಾಖಕ್ಕ ಬೇಕ್ರಿ. ಮಗಳ ಲಗ್ನ."

ಅವರು ತುಂಡನ್ನು ಮತ್ತೊಮ್ಮೆ ತಿರುವಿ ನೋಡಿ, "ಸಣ್ಣ ಕೆಲಸಕ್ಕ ನನಗ ಕಣ್ಣ ಹತ್ತಲ್ಲ. ನೀವು ಮಷೀನ್ ಮಂದಿ. ನೀವೇ ನಿಂದರ್ರಿ, ನಾ ಬಾಜೂಕ ಕುಂದರ್ತೀನಿ" ಎಂದರು.

ಹಾಗೆ ಮಾಘಮಾಸದಲ್ಲಿ, ವಾರದಲ್ಲಿ ಎರಡು ಮೂರು ಸಂಜೆ, ಡ್ಯೂಟಿ ಮುಗಿಸಿ ಬಸ್ಸು ಬರುವವರೆಗಿನ ಒಂದು ತಾಸು ಅಲ್ಲಿ ನಿಂತೆ. ಇಪ್ಪತ್ತು ವರ್ಷ ಲೇತ್ ಕಲಿಸಿದವಳಿಗೆ ಮೊದಲ ದಿನವೇ ಉಳಿ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ಕಬ್ಬಿಣದ ಲೇತ್‌ನಲ್ಲಿ ಉಳಿಯನ್ನು ಯಂತ್ರವೇ ಬಿಗಿಯಾಗಿ ಹಿಡಿದಿರುತ್ತದೆ, ನಾವು ಹಿಡಿಕೆ ತಿರುಗಿಸುತ್ತ ಅಂಕಿ ನೋಡಿದರೆ ಸಾಕು. ಇಲ್ಲಿ ಉಳಿಯನ್ನು ಹಿಡಿಯಬೇಕಾದದ್ದು ಕೈ. ಕಟ್ಟಿಗೆಯ ಗಟ್ಟಿ ಜಾಗ, ಮೆತ್ತನ್ನ ಜಾಗ ಎಲ್ಲ ಮೊಣಕೈವರೆಗೆ ಬರುತ್ತದೆ. "ಕಣ್ಣಿಲೆ ನೋಡಬ್ಯಾಡ್ರಿ ಮೇಡಂ, ಕೈಲೆ ಕೇಳ್ರಿ" ಎನ್ನುತ್ತಿದ್ದರು ಸಾಬರು. ನನ್ನ ಕೈಗೆ ಏನೂ ಕೇಳುತ್ತಿರಲಿಲ್ಲ. ಹಾಗೆಂದು ಅವರಿಗೆ ಹೇಳುವುದು ಹೇಗೆ? ಹೂಂ ಎಂದು ಮುಂದುವರಿಸಿದೆ. ಒದ್ದೆ ಸಿಪ್ಪೆ ಉದ್ದುದ್ದ ಸುರುಳಿಯಾಗಿ ಮೈಮೇಲೆ ಬೀಳುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕುಳಿತವರು ಬೆಳ್ಳುಳ್ಳಿ ವಾಸನೆಗೆ ಸೆರಗು ಮೂಗಿಗೆ ಹಿಡಿದುಕೊಳ್ಳುತ್ತಿದ್ದರು.

ನಾಲ್ಕನೆಯದೋ ಐದನೆಯದೋ ಸಂಜೆ, ತುಂಡು ದುಂಡಗಾಗುತ್ತ ಬಂದಾಗ ಟಣ್ ಎಂದಿತು. ಉಳಿಯ ಬಾಯಿ ಹೋಯಿತು. ಸಾಬರು ಮೋಟಾರು ಬಂದ್ ಮಾಡಿ ಬಗ್ಗಿ ನೋಡಿದರು.

"ಮೊಳಿ ಅದ್ರಿ ಒಳಗ. ಭಾಳ ಹಳೇದು."

ಇಕ್ಕಳದಿಂದ ಹಿಡಿದು ಅಲುಗಿಸಿ ಅಲುಗಿಸಿ ಹೊರಗೆಳೆದರು. ತುಕ್ಕು ಹಿಡಿದ ಮೊಳೆ, ತಲೆ ಕಳೆದುಕೊಂಡಿತ್ತು. ಅದು ಕುಳಿತಿದ್ದ ಜಾಗದಿಂದ ಮೇಲಕ್ಕೂ ಕೆಳಕ್ಕೂ ಕಟ್ಟಿಗೆಯ ಉದ್ದಕ್ಕೆ ಬೆರಳಗಲದ ಕಪ್ಪು ಗೆರೆಯೊಂದು ಹರಿದಿತ್ತು. "ಕಬ್ಬಿಣ ಹಸಿ ಕಟ್ಟಿಗ್ಯಾಗ ಕುಂತ್ರ ಹಿಂಗ ಕರ್ರಗ ಆಗ್ತದ. ಶುಭ ಕಾರ್ಯಕ್ಕ ಇದು ಛಲೋ ಕಾಣಲ್ಲ. ಈ ತುಂಡ ಬಿಡ್ರಿ, ನನ್ನ ಹಂತ್ಯಾಕ ಸಾಗವಾನಿ ಅದ, ಕೊಡ್ತೀನಿ."

"ಬ್ಯಾಡ್ರಿ. ಇದೇ ಇರ್ಲಿ" ಎಂದೆ.

ಮೊಳೆಯನ್ನು ಕೈಗೆ ತೆಗೆದುಕೊಂಡೆ. ಅವರು ವರ್ಷಗಳಲ್ಲಿ ಹೊಡೆದ ಮೂರು ಮೊಳೆಗಳಲ್ಲಿ ಇದು ಯಾವುದು ಎಂದು ಯೋಚಿಸಿದೆ. ಇಷ್ಟು ಆಳದಲ್ಲಿದ್ದರೆ ಮೊದಲನೆಯದೇ ಇರಬೇಕು, ಮದುವೆಯ ವರ್ಷದ್ದು. ಅಳು ಬಂತೇ ಎಂದರೆ, ಇಲ್ಲ. ಬ್ಯಾಗಿನಿಂದ ಕ್ಯಾಲಿಪರ್ ತೆಗೆದು ಉದ್ದ ಅಳೆದೆ, ಎರಡೂವರೆ ಇಂಚಿಗೆ ಸ್ವಲ್ಪ ಕಡಿಮೆ. ಆಮೇಲೆ ಪೆನ್ನಿನ ಪೌಚಿನಲ್ಲಿ ಹಾಕಿಕೊಂಡೆ.

ಭರಣಿಯ ಮೈ ಆಯಿತು, ಒಳಗೆ ಕೊರೆದದ್ದಾಯಿತು, ಮುಚ್ಚಳವೂ ಅದೇ ತುಂಡಿನಿಂದ ಆಯಿತು. ಉಳಿದದ್ದು ಮುಚ್ಚಳ ಕೂಡುವ ಕಂಠವನ್ನು ಅಳತೆಗೆ ತರುವ ಕೆಲಸ. ಅಷ್ಟು ಹೊತ್ತಿಗೆ ಲಗ್ನಪತ್ರಿಕೆಗಳು ಅಚ್ಚಾಗಿ ಬಂದಿದ್ದವು. ಸಾಬರಿಗೊಂದು ಕೊಟ್ಟೆ. ಅವರು ಅದನ್ನು ಹಣೆಗೆ ಒತ್ತಿಕೊಂಡು, ಆ ಪತ್ರಿಕೆಯನ್ನೇ ಭರಣಿಯ ಕಂಠಕ್ಕೆ ಹಿಡಿದರು.

"ಈ ಪತ್ರಿಕಿ ಎಷ್ಟು ದಪ್ಪ ಅದ, ಅಷ್ಟು ಜಾಗ ಸುತ್ತ ಬಿಡ್ರಿ. ನಿಮ್ಮ ಕಬ್ಬಿಣದಂಗ ಬರಾಬರ್ ಕೂಡಸಬ್ಯಾಡ್ರಿ. ಹಸಿ ಕಟ್ಟಿಗಿ ಬ್ಯಾಸಗ್ಯಾಗ ಒಣಗಿದ್ರ ದುಂಡಗ ಉಳಿಯಲ್ಲ, ಮೊಟ್ಟಿಯಂಗ ಆಗ್ತದ. ಮುಚ್ಚಳನೂ ಹಂಗೇ. ಜಾಗ ಬಿಡಲಿಲ್ಲಂದ್ರ ಎರಡರ ಕರಿ ಗೆರಿ ಒಂದಕ್ಕೊಂದು ಕೂಡಿದ್ರಷ್ಟೇ ಬಿಡ್ತದ. ಚೂರು ತಿರುಗಿತು ಅಂದ್ರ ಕಚ್ಚಿ ಹಿಡೀತದ, ಯಾರ ಕೈಲೂ ಬಿಡಂಗಿಲ್ಲ. ತಿಳೀತಲ್ರಿ?"

"ಹೂಂ" ಎಂದೆ. ಅವರು ನಮಾಜಿಗೆ ಎದ್ದು ಹೋದರು. ಕೊನೆಯ ಕಡೆತ ನಾನೊಬ್ಬಳೇ ಮುಗಿಸಿದೆ.

ಆ ಸಂಜೆ ಭರಣಿಯನ್ನು ಮನೆಯ ಮೇಜಿನ ಮೇಲಿಟ್ಟಾಗ ಅಂಬಿಕಾ ಎತ್ತಿ ತಿರುಗಿಸಿ ನೋಡಿದಳು. ಕಪ್ಪು ಗೆರೆಯ ಮೇಲೆ ಬೆರಳಾಡಿಸಿ, "ಇದೇನು?" ಎಂದಳು.

"ಪಪ್ಪನ ಕನ್ನಡಿ ಮೊಳಿ ಇದ್ದ ಜಾಗ."

ಅವಳು ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ನನಗೂ ಒಂದು ಕಪ್ ಚಹಾ ಮಾಡಿ ತಂದಳು. ಕಾರ್ತಿಕದಿಂದ ಅವಳು ನನಗೆ ಚಹಾ ಮಾಡಿರಲಿಲ್ಲ.

ಆ ವೈಶಾಖದ ಬಿಸಿಲು ಕಲಬುರಗಿಯವರಿಗೂ ಹೆಚ್ಚೆನಿಸಿದ ಬಿಸಿಲು. ಅಂಗಳದ ಫರ್ಸಿಕಲ್ಲಿನ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಹಂದರದ ಬಟ್ಟೆ ಬಿಸಿಲನ್ನು ತಡೆಯಿತೇ ಹೊರತು ಸೆಕೆಯನ್ನು ತಡೆಯಲಿಲ್ಲ. ಬಂದ ಬೀಗರು ಬೀಸಣಿಗೆ ಕೇಳಿದರು. ಆಳಂದದ ಕಡೆಯ ಮುದುಕರೊಬ್ಬರು, "ಇಲ್ಲೊಂದು ಬೇವಿನ ಗಿಡ ಇತ್ತಲ್ಲೋ, ತಣ್ಣಗ ಕುಂದರ್ತಿದ್ವಿ" ಎಂದಾಗ ಭಾವನವರು ಟವೆಲಿನಿಂದ ಕತ್ತು ಒರೆಸಿಕೊಂಡು ಬೇರೆ ಕಡೆ ಹೋದರು.

ಉಡಿ ತುಂಬುವ ಹಿಂದಿನ ಸಂಜೆ ಶಾಂತಕ್ಕ ಭರಣಿಗೆ ಕುಂಕುಮ ತುಂಬಿದರು. ಚೆಲ್ಲಬಾರದೆಂದು ಮುಚ್ಚಳವನ್ನು ಒತ್ತಿ, ತಿರುವಿ, ಬಿಗಿಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮುಚ್ಚಳದ ಕಪ್ಪು ಗೆರೆ ಒಂದು ಕಡೆ, ಮೈಯದು ಇನ್ನೊಂದು ಕಡೆ ಆಗಿತ್ತು. ಕಂಡಿತು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬೀದರದವರ ಗಾಡಿ ಓಣಿಯ ತುದಿಗೆ ಬಂದು ನಿಂತಿತ್ತು. ಮುತ್ತೈದೆಯರು ಅಂಬಿಕಾಳನ್ನು ಮಣೆಯ ಮೇಲೆ ಕೂರಿಸಿದರು. ನಾನು ಒಳಗೆ, ದೇವರ ಕೋಣೆಯ ಪಕ್ಕ, ಅಕ್ಕಿಯ ಮೂಟೆಯ ಮೇಲೆ ಕುಳಿತಿದ್ದೆ. ಹೊರಗಿನ ಮಾತೆಲ್ಲ ಕೇಳುತ್ತಿತ್ತು.

"ಇದ್ಯಾಕ ಬಿಡವಲ್ದು?" ಶಾಂತಕ್ಕನ ದನಿ.

"ಕೊಡಿಲ್ಲಿ." ಭಾವನವರು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದ ಸದ್ದು. "ಚಾಕು ತರ್ರಿ, ಸಂದ್ಯಾಗ ಹಾಕಿ ಎಬ್ಬಿಸೂಣು."

"ಬ್ಯಾಡ ದೊಡ್ಡಪ್ಪ, ಸೀಳ್ತದ." ಇದು ಅಂಬಿಕಾ. "ಅವ್ವನ್ನ ಕರೀರಿ. ಮಾಡಿದಾಕಿಗಿ ಗೊತ್ತಿರ್ತದ."

ಗಾಡಿಯವನು ಹಾರ್ನ್ ಹೊಡೆದ. ಆಮೇಲೆ ಶಾಂತಕ್ಕನೇ ಒಳಗೆ ಬಂದು, "ಬಾ ತಂಗಿ, ಅದೇನ್ ಹಿಡಕೊಂಡದೋ ನೋಡು" ಎಂದರು.

ಹಂದರದ ಕೆಳಗೆ ಹೋದೆ. ಭರಣಿಯನ್ನು ಎಡಗೈಯಲ್ಲಿ ಹಿಡಿದು ಮುಚ್ಚಳದ ಮೇಲೆ ಬಲಗೈ ಇಟ್ಟೆ. ಎಳೆಯಲಿಲ್ಲ, ಮೆಲ್ಲಗೆ ತಿರುಗಿಸಿದೆ. ಎರಡು ಕಪ್ಪು ಗೆರೆ ಒಂದರ ಹತ್ತಿರ ಒಂದು ಬಂದವು. ಕೂಡಿದ ಜಾಗ ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯಿತು. ಟಪ್ ಎಂದು ಮುಚ್ಚಳ ಎದ್ದಿತು. ಬಾಯಿಯವರೆಗೆ ತುಂಬಿದ್ದ ಕುಂಕುಮ ಹಾರಿ ನನ್ನ ಬೆರಳುಗಳೆಲ್ಲ ಕೆಂಪಾದವು.

ಶಾಂತಕ್ಕ ಭರಣಿಗಾಗಿ ಕೈ ಚಾಚಿದರು. ನಾನು ಕೊಡಲು ಹೊರಟಿದ್ದೆ. ಅಷ್ಟರಲ್ಲಿ ಅಂಬಿಕಾ ಮಣೆಯ ಮೇಲಿನಿಂದಲೇ ಮುಖವನ್ನು ನನ್ನ ಕಡೆ ಎತ್ತಿದಳು. ಕಣ್ಣು ಮುಚ್ಚಿ ಹಣೆ ಒಡ್ಡಿದಳು. ನಾನು ಶಾಂತಕ್ಕನನ್ನು ನೋಡಿದೆ. ಸುತ್ತ ನಿಂತ ಹೆಂಗಸರೂ ಶಾಂತಕ್ಕನನ್ನೇ ನೋಡಿದರು. ಅವರ ಕೈ ಗಾಳಿಯಲ್ಲಿ ಹಾಗೇ ಇತ್ತು. ಆಮೇಲೆ ಅದನ್ನು ಇಳಿಸಿ ಸೆರಗು ಸರಿಮಾಡಿಕೊಂಡರು.

"ಕೈಗಿ ಹತ್ತೇ ಬಿಟ್ಟದಲ್ಲ. ಹಚ್ಚು ಇನ್ನ. ಗಾಡಿಗಿ ಹೊತ್ತಾಗ್ತದ."

ಹಚ್ಚಿದೆ. ಮಗಳ ಹಣೆ ಬೆವತು ಬಿಸಿಯಾಗಿತ್ತು. ಒಂಬತ್ತು ತಿಂಗಳಲ್ಲಿ ಮೊದಲ ಸಲ ನನ್ನ ಬೆರಳಿಗೆ ಬಿಸಿ ಬಿಸಿಯೆಂದು ತಿಳಿಯಿತು. ಅಳು ಬಂತೆಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಅದು ಬಂದದ್ದು ಮುಂದಿನ ಶ್ರಾವಣದಲ್ಲಿ, ಬಚ್ಚಲಿನ ಬಲ್ಬು ಬದಲಿಸುವಾಗ. ಉಡಿಯ ಅಕ್ಕಿ, ಕೊಬ್ಬರಿಯನ್ನು ಶಾಂತಕ್ಕನೇ ತುಂಬಿದರು. ಭರಣಿಯನ್ನು ಮಾತ್ರ ನಾನು ಕೊಟ್ಟೆ. ಗೆರೆ ಕೂಡಿಸಿ ಮುಚ್ಚಿ, "ಹಿಂಗ ಇಟ್ರ ಬಿಡ್ತದ" ಎಂದು ತೋರಿಸಿಕೊಟ್ಟೆ. "ಗೊತ್ತವ್ವ" ಎಂದಳು.

ಕಟ್ಟಿಗೆ ಹಸಿ ಇತ್ತು, ಬಿಸಿಲಿಗೆ ಹಿಡಿದುಕೊಂಡಿತು ಎಂದು ಎಲ್ಲರಿಗೂ ಹೇಳಿದೆ. ಲೇತ್ ಮೇಡಂ ಅಳತೆ ತಪ್ಪಿದರು ಎಂದು ಭಾವನವರು ಇವತ್ತಿಗೂ ನಗುತ್ತಾರೆ, ನಾನೂ ನಗುತ್ತೇನೆ. ಮದುವೆಯ ಬುಂದೆ ತೆಗೆದುಕೊಂಡು ಹೋದಾಗ ಮಹಿಬೂಬಸಾಬರು, "ಮುಚ್ಚಳ ಛಲೋ ಬಿಡ್ತೇನ್ರಿ? ಪತ್ರಿಕಿ ಅಷ್ಟು ಜಾಗ ಬಿಟ್ಟಿದ್ರಿಲ್ಲ?" ಎಂದು ಕೇಳಿದ್ದರು. ಬಿಟ್ಟಿದ್ದೆ ಎಂದಿದ್ದೆ. ಈಗ ಅವರ ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಸಾಬರು ತೀರಿಹೋಗಿ ಎರಡು ವರ್ಷವಾಯಿತೆಂದು ಅಲ್ಲಿಯವರು ಹೇಳಿದರು. ಲೈನ್‌ಮನ್‌ಗಳು ಕೆಡವಿದ ಟೊಂಗೆಯಲ್ಲಿ ಒಂದು ಗೇಣು ಕೇಳೋಣ ಎನಿಸಿತು. ಪರೀಕ್ಷೆಗೆ ಹೊತ್ತಾಗಿತ್ತು, ಕೇಳಲಿಲ್ಲ.

ಭರಣಿಯ ಕಂಠ ಕಡೆದ ಆ ಸಂಜೆ, ಸಾಬರು ನಮಾಜಿಗೆ ಹೋದ ಮೇಲೆ ನಾನು ಉಳಿ ಹಿಡಿದು ನಿಂತಿದ್ದೆ. ಮುಚ್ಚಳವನ್ನು ಇಟ್ಟು ನೋಡಿದೆ. ಗಾಳಿಯೂ ಹೋಗದಷ್ಟು ಬಿಗಿಯಾಗಿ ಕೂಡಿತು. ಲಗ್ನಪತ್ರಿಕೆ ಪಕ್ಕದಲ್ಲೇ, ಹಲಗೆಯ ಮೇಲೆ ಇತ್ತು. ಇನ್ನೊಂದೇ ಒಂದು ಕಡೆತ ಹಾಕಿದ್ದರೆ ಅದರ ದಪ್ಪದಷ್ಟು ಜಾಗ ಆಗುತ್ತಿತ್ತು, ಭರಣಿ ಯಾರ ಕೈಗಾದರೂ ಬಿಡುತ್ತಿತ್ತು. ಮೋಟಾರು ಬಂದ್ ಮಾಡಿದೆ. ಆ ವರ್ಷ ನಾನು ಹೂಂ ಎಂದು ಮಾಡದೆ ಬಿಟ್ಟ ಕೆಲಸ ಅದೊಂದೇ.